ಟಲ್ಲಿ ಮಾನ್‌ಸ್ಟರ್‌ಗೆ ಬೆನ್ನುಮೂಳೆ ಇತ್ತಾ ಇಲ್ವಾ? ಸಾವಿರಾರು ಪಳೆಯುಳಿಕೆ ಸಿಕ್ಕರೂ ಜಗಳ ಯಾಕೆ ಮುಗಿಯುತ್ತಿಲ್ಲ?

ಹಳೇಕಲ್ಲು
ಬಲ್ಲವರು ಯಾರಾದರೂ ಬಿಡಿಸಿ ಹೇಳಿ, ನನಗಂತೂ ತಲೆ ಕೆಟ್ಟು ಹೋಗಿದೆ.

ಟಲ್ಲಿ ಮಾನ್‌ಸ್ಟರ್ ಅಂತ ಒಂದು ಸಮುದ್ರಜೀವಿ. ಅಮೆರಿಕದ ಇಲಿನಾಯ್ ರಾಜ್ಯದ ಮೇಜನ್ ಕ್ರೀಕ್ ಸುತ್ತಮುತ್ತ ಮಾತ್ರ ಸಿಕ್ಕಿದೆ. ವಯಸ್ಸು ಸುಮಾರು 31 ಕೋಟಿ ವರ್ಷ. ಉದ್ದ ಹೆಚ್ಚೆಂದರೆ 35 ಸೆಂಟಿಮೀಟರ್. ಮೆತ್ತನೆಯ ಮೈ, ಬಾಲದಲ್ಲಿ ಈಜುರೆಕ್ಕೆ. ಮುಂದೆ ಉದ್ದನೆಯ ಮೂತಿ, ಮೂತಿಯ ತುದಿಗೆ ಇಕ್ಕಳದಂಥ ಬಾಯಿ, ಅದರೊಳಗೆ ಪುಟ್ಟ ಪುಟ್ಟ ಹಲ್ಲು. ಕಣ್ಣು ಮಾತ್ರ ಇರಬೇಕಾದ ಜಾಗದಲ್ಲಿ ಇಲ್ಲ. ಮೈಗೆ ಅಡ್ಡಲಾಗಿ ಒಂದು ಕಡ್ಡಿ ಇದೆ, ಅದರ ಎರಡು ತುದಿಗೆ ಒಂದೊಂದು ಕಣ್ಣು.

1950ರ ದಶಕದಲ್ಲಿ ಫ್ರಾನ್ಸಿಸ್ ಟಲ್ಲಿ ಎಂಬ ಹವ್ಯಾಸಿ ಸಂಗ್ರಹಕಾರರಿಗೆ ಇದು ಸಿಕ್ಕಿತು. ಅವರು ಷಿಕಾಗೋದ ಫೀಲ್ಡ್ ಮ್ಯೂಸಿಯಂಗೆ ತಂದು ತೋರಿಸಿದರು. ಅಲ್ಲಿನ ಯೂಜೀನ್ ರಿಚರ್ಡ್‌ಸನ್ 1966ರಲ್ಲಿ ಹೆಸರಿಟ್ಟರು, ಆದರೆ ಯಾವ ಗುಂಪಿಗೆ ಸೇರಿಸಬೇಕು ಅನ್ನೋದನ್ನ ಹಾಗೇ ಬಿಟ್ಟರು. ಆಮೇಲೆ ಒಬ್ಬರು ಹುಳು ಅಂದರು, ಒಬ್ಬರು ಬಸವನಹುಳುವಿನ ಬಳಗದ ಮೃದ್ವಂಗಿ ಅಂದರು. 2016ರಲ್ಲಿ ವಿಕ್ಟೋರಿಯಾ ಮೆಕಾಯ್ ತಂಡ 1,200ಕ್ಕೂ ಹೆಚ್ಚು ಮಾದರಿ ನೋಡಿ, ಇದು ಕಶೇರುಕ (ಬೆನ್ನುಮೂಳೆ ಇರುವ ಪ್ರಾಣಿಗಳ ಗುಂಪು), ಲ್ಯಾಂಪ್ರೇ ಎಂಬ ದವಡೆಯಿಲ್ಲದ ಮೀನಿನ ನೆಂಟ ಅಂದಿತು. 2017ರಲ್ಲಿ ಲಾರೆನ್ ಸಾಲನ್ ತಂಡ ಚಾನ್ಸೇ ಇಲ್ಲ ಅಂದಿತು. 2020ರಲ್ಲಿ ಮೆಕಾಯ್ ಅವರ ಕಡೆಯಿಂದ ಮತ್ತೆ ಕಶೇರುಕ. 2023ರಲ್ಲಿ ಜಪಾನಿನವರು ಲೇಸರ್ ಸ್ಕ್ಯಾನ್ ಮಾಡಿ ಅಲ್ವೇ ಅಲ್ಲ ಅಂದರು.

ಒಂದೇ ಒಂದು ಚೂರು ಸಿಕ್ಕಿದ್ದರೆ ಒಪ್ಪಬಹುದಿತ್ತು. ಇದರ ಪಳೆಯುಳಿಕೆ ಸಾವಿರಗಟ್ಟಲೆ ಇದೆ. ಇಷ್ಟಿದ್ದೂ ಮೀನಿನ ಕಡೆಯದೋ ಹುಳುವಿನ ಕಡೆಯದೋ ಹೇಳೋಕೆ ಆಗಲ್ಲ ಅಂದ್ರೆ ಹೆಂಗೆ?

ಸುಮ್ನೆ_ಕೇಳ್ದೆ
ಈಗ ಚಿತ್ರ ಹುಡುಕಿ ನೋಡಿದೆ. ಯಾರೋ ತಮಾಷೆಗೆ ಬರೆದಿದ್ದಲ್ಲ ತಾನೇ?

ಪದರಗಲ್ಲು
ಸಾವಿರ ಇದ್ದರೇನು ಬಂತು, ಎಲ್ಲವೂ ಒಂದೇ ರೀತಿ ಕೊಳೆತಿವೆ. ಒಂದು ಮಸುಕು ಜೆರಾಕ್ಸ್‌ನ ಸಾವಿರ ಪ್ರತಿ ಇಟ್ಟುಕೊಂಡರೂ ಮೂಲದ ಅಕ್ಷರ ಕಾಣಲ್ಲ.

ಮೇಜನ್ ಕ್ರೀಕ್‌ನಲ್ಲಿ ಏನಾಯಿತು ನೋಡಿ. ಆಗ ಅದು ನದಿಗಳು ಸಮುದ್ರ ಸೇರುವ ಜಾಗ. ಕೆಸರು ಬೇಗ ಬೇಗ ಬಂದು ಸತ್ತ ಪ್ರಾಣಿಗಳನ್ನು ಮುಚ್ಚುತ್ತಿತ್ತು. ಒಳಗೆ ಬ್ಯಾಕ್ಟೀರಿಯಾ ಹೆಣವನ್ನು ಕೊಳೆಸುವಾಗ ಬಂದ ಕಾರ್ಬನ್ ಡೈಆಕ್ಸೈಡ್, ಕೆಸರಿನಲ್ಲಿದ್ದ ಕಬ್ಬಿಣದ ಜೊತೆ ಸೇರಿ ಸಿಡರೈಟ್ ಅನ್ನೋ ಖನಿಜ ಆಯಿತು. ಅದು ಹೆಣದ ಸುತ್ತ ಗಟ್ಟಿ ಉಂಡೆ ಕಟ್ಟಿತು. ಅಂದರೆ ಪ್ರಾಣಿ ಉಳಿದಿದ್ದೇ ಕೊಳೆಯೋಕೆ ಶುರುವಾಗಿದ್ದರಿಂದ. ಕೊಳೆಯದ ಟಲ್ಲಿ ಯಾರಿಗೂ ಸಿಕ್ಕಿಲ್ಲ, ಸಿಗೋದೂ ಇಲ್ಲ.

ಈ ಉಂಡೆಗಳನ್ನ ಸುತ್ತಿಗೆಯಲ್ಲಿ ಬಡಿದು ಒಡೆದರೆ ಎಲ್ಲೆಂದರಲ್ಲಿ ಸೀಳುತ್ತದೆ. ಅದಕ್ಕೇ ನೀರಲ್ಲಿ ನೆನೆಸಿ, ಫ್ರೀಜರ್‌ನಲ್ಲಿ ಇಟ್ಟು, ಕರಗಿಸಿ, ಮತ್ತೆ ಇಟ್ಟು, ಹೀಗೆ ಎಷ್ಟೋ ಸಲ ಮಾಡುತ್ತಾರೆ. ಆಮೇಲೆ ಮೆಲ್ಲಗೆ ತಟ್ಟಿದರೆ ಪ್ರಾಣಿ ಇರುವ ಮಟ್ಟದಲ್ಲೇ ಎರಡು ಹೋಳಾಗುತ್ತದೆ. ಒಳಗೆ ಏನಿರುತ್ತೆ ಅಂದ್ಕೊಂಡಿದ್ದೀರಿ? ಕಂದು ಕಲ್ಲಿನ ಮೇಲೆ ಒಂದು ಕಲೆ. ಅಲ್ಲಲ್ಲಿ ಕೂದಲೆಳೆಯಷ್ಟು ಉಬ್ಬು, ಅಷ್ಟೇ ತಗ್ಗು. ಮೂಳೆ ಇಲ್ಲ, ಚಿಪ್ಪಿಲ್ಲ. ಕಣ್ಣಿದ್ದ ಕಡೆ ಎರಡು ಕಪ್ಪು ಚುಕ್ಕೆ. ನಡುವೆ ಉದ್ದಕ್ಕೆ ಒಂದು ತಿಳಿ ಬಣ್ಣದ ಪಟ್ಟಿ.

ಜಗಳ ಶುರುವಾಗಿದ್ದೇ ಆ ಪಟ್ಟಿಯಿಂದ. ಮೊದಲೆಲ್ಲ ಅದನ್ನ ಕರುಳು ಅಂತಿದ್ದರು. ಮೆಕಾಯ್ ತಂಡ ಅದು ಕರುಳಲ್ಲ, ನೋಟೋಕಾರ್ಡ್ ಅಂದಿತು. ಅಂದರೆ ಬೆನ್ನುಮೂಳೆಗೂ ಮೊದಲು ನಮ್ಮ ಕಡೆಯ ಪ್ರಾಣಿಗಳಲ್ಲಿ ಬರುವ ಮೃದು ದಂಡ. ಒಂದು ಪಟ್ಟಿಯನ್ನ ಏನಂತ ಕರೀತೀರಿ ಅನ್ನೋದರ ಮೇಲೆ ಪ್ರಾಣಿಯ ಇಡೀ ವಂಶವೇ ಬದಲಾಗುತ್ತದೆ.

ಅನುಮಾನಿ
ಪದರಗಲ್ಲು ಸಾರ್, ಒಪ್ಪಿದೆ, ಆದರೆ ಸಾಲನ್ ತಂಡದ ಆಕ್ಷೇಪ ನೀವು ಹೇಳಲೇ ಇಲ್ಲ. ಅಲ್ಲಿನ ಸಮುದ್ರದ ಕಲ್ಲಲ್ಲಿ ಬೇರೆ ಪ್ರಾಣಿಗಳೂ ಸಿಗುತ್ತವೆ. ಅವುಗಳಲ್ಲಿ ಮೈಯ ಆಕಾರ ಉಳಿದಿದೆ, ಒಳಗಿನ ಅಂಗ ಅಷ್ಟಾಗಿ ಉಳಿದಿಲ್ಲ. ಟಲ್ಲಿಯಲ್ಲಿ ಮಾತ್ರ ನೋಟೋಕಾರ್ಡ್ ಉಳೀತು, ಕಿವಿರು ಉಳೀತು, ಸ್ನಾಯುವಿನ ಪಟ್ಟಿಗಳೂ ಉಳಿದವು ಅಂದರೆ ನಂಬೋದು ಹೇಗೆ? ಅದೇ ಹೊತ್ತಿಗೆ ನೀರಿನಲ್ಲಿ ಬದುಕುವ ಕಶೇರುಕಕ್ಕೆ ಇರಲೇಬೇಕಾದ ಒಳಗಿವಿಯ ಕೋಶ ಇಲ್ಲ, ಮೈ ಪಕ್ಕದ ಸಂವೇದನೆಯ ಗೆರೆ ಇಲ್ಲ. ಇರಬೇಕಾದ್ದು ಇಲ್ಲ, ಉಳಿಯಬಾರದ್ದು ಇದೆ.

ಮೇಷ್ಟ್ರು_ರಜೆಯಲ್ಲಿ
ಅನುಮಾನಿಯವರೇ, "ಇಲ್ಲ" ಅಂದರೆ ಮೊದಲಿಂದಲೂ ಇರಲಿಲ್ಲವಾ, ಇದ್ದದ್ದು ಕೊಳೆತು ಹೋಯಿತಾ? ಈ ಪ್ರಶ್ನೆಗೆ ಉತ್ತರ ಇಲ್ಲದೆ ಮುಂದೆ ಹೋಗೋಕೆ ಆಗಲ್ಲ.

ಲೆಸ್ಟರ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಯಾನ್ಸಮ್, ಸಾರಾ ಗ್ಯಾಬಟ್, ಮಾರ್ಕ್ ಪರ್ನೆಲ್ ಸೇರಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. 2010ರಲ್ಲಿ ಬಂತು. ಲ್ಯಾಂಪ್ರೇ ಮರಿಗಳನ್ನೂ ಆಂಫಿಆಕ್ಸಸ್ ಎಂಬ ಸಣ್ಣ ಸಮುದ್ರಜೀವಿಯನ್ನೂ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಕೊಳೆಸಿದರು. ಯಾವ ಅಂಗ ಯಾವಾಗ ಹೋಗುತ್ತದೆ ಅಂತ ಒಂದೊಂದಾಗಿ ಬರೆದುಕೊಂಡರು. ವಾಸನೆ ಹೇಗಿತ್ತೋ ನೀವೇ ಊಹಿಸಿ. ಸಿಕ್ಕ ಫಲಿತಾಂಶ ಸ್ವಾರಸ್ಯವಾಗಿದೆ: "ಇದು ಕಶೇರುಕ" ಅಂತ ಗುರುತಿಸೋಕೆ ಬೇಕಾದ ಗುಣಗಳೇ ಮೊದಲು ಕೊಳೆಯುತ್ತವೆ. ನೋಟೋಕಾರ್ಡ್, ಸ್ನಾಯುವಿನ ತುಂಡುಗಳಂಥ ಹಳೆಯ, ಸಾಮಾನ್ಯ ಗುಣಗಳು ಕೊನೆಯವರೆಗೆ ಉಳಿಯುತ್ತವೆ. ಹೀಗಾಗಿ ಅರ್ಧ ಕೊಳೆತ ಲ್ಯಾಂಪ್ರೇ ನೋಡೋಕೆ ತನಗಿಂತ ತುಂಬಾ ಹಳೆಯ ಪೂರ್ವಜನ ಹಾಗೆ ಕಾಣುತ್ತದೆ. ಪಳೆಯುಳಿಕೆ ವಂಶವೃಕ್ಷದಲ್ಲಿ ತಾನಾಗಿ ಕೆಳಗಿನ ಕೊಂಬೆಗೆ ಜಾರುತ್ತದೆ.

ಒಳಗಿವಿ ಕಾಣಲ್ಲ, ಆದ್ದರಿಂದ ಕಶೇರುಕ ಅಲ್ಲ ಅನ್ನೋದು ಅಷ್ಟು ಸುಲಭ ಅಲ್ಲ.

ಅನುಮಾನಿ
ಹಾಗಾದರೆ ಕೊಳೆತಿರೋದು ಎಲ್ಲಕ್ಕೂ ನೆಪ ಆಯಿತಲ್ಲ ಮೇಷ್ಟ್ರೇ. ಇದ್ದರೆ ನನ್ನ ವಾದಕ್ಕೆ ಸಾಕ್ಷಿ, ಇಲ್ಲದಿದ್ದರೆ ಕೊಳೆತುಹೋಯಿತು. ಹೀಗೆ ಆಡಿದರೆ ನಾನು ಎರೆಹುಳುವನ್ನೂ ಮೀನು ಮಾಡಬಲ್ಲೆ.

ಮೇಷ್ಟ್ರು_ರಜೆಯಲ್ಲಿ
ಆಗಲ್ಲ. ಕೊಳೆಯುವುದಕ್ಕೆ ಒಂದು ಕ್ರಮ ಇದೆ. ಕೊನೆಗೆ ಹೋಗಬೇಕಾದ್ದೇ ಇಲ್ಲ, ಮೊದಲು ಹೋಗಬೇಕಾದ್ದು ಇದೆ ಅಂತಾದರೆ ನಿಮ್ಮ ವಾದ ಬಿದ್ದು ಹೋಗುತ್ತದೆ. ನೆಪ ಬೇರೆ, ಲೆಕ್ಕ ಬೇರೆ.

ಅನುಮಾನಿ
ಲ್ಯಾಬಿನ ತೊಟ್ಟಿಯಲ್ಲಿ ಕೊಳೆತ ಕ್ರಮ ಸಮುದ್ರದ ಕೆಸರಲ್ಲೂ ಅದೇ ಅಂತ ಯಾರು ಹೇಳಿದ್ದು? ಕಬ್ಬಿಣ ಜಾಸ್ತಿ ಇದ್ದರೆ ಬೇರೆ, ಉಪ್ಪು ಕಡಿಮೆ ಇದ್ದರೆ ಬೇರೆ. ಕೊಳೆಯೋ ಕ್ರಮ ಒಂದು, ಕಲ್ಲಾಗೋ ಕ್ರಮ ಇನ್ನೊಂದು.

ಪದರಗಲ್ಲು
ಈ ಮಾತಿಗೆ ನನ್ನ ವೋಟು ಅನುಮಾನಿಗೆ.

ನೀಲಿಶಂಖ
ಗೆರೆ, ಕರುಳು ಬಿಡಿ. ಕಣ್ಣಿನ ಕಥೆ ಇನ್ನೂ ಮಜಾ ಇದೆ.

2016ರಲ್ಲೇ ಥಾಮಸ್ ಕ್ಲೆಮೆಂಟ್ಸ್ ತಂಡ ಆ ಕಪ್ಪು ಚುಕ್ಕೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿತು. ಮೆಲನಿನ್ ಬಣ್ಣದ ಕಣಗಳು ಅಲ್ಲೇ ಇದ್ದವು, 31 ಕೋಟಿ ವರ್ಷ ಆದ ಮೇಲೂ! ಅದೂ ಎರಡು ಆಕಾರದಲ್ಲಿ. ಕೆಲವು ಉರುಟು, ಕೆಲವು ಉದ್ದ. ಕಣ್ಣಿನಲ್ಲಿ ಹೀಗೆ ಎರಡು ತರಹದ ಕಣ ಪದರವಾಗಿ ಇರೋದು ಕಶೇರುಕಗಳಲ್ಲಿ ಮಾತ್ರ, ಹಾಗಾಗಿ ಕೇಸ್ ಮುಗೀತು ಅಂದರು.

ಮುಗೀಲಿಲ್ಲ. 2019ರಲ್ಲಿ ಕ್ರಿಸ್ ರಾಜರ್ಸ್ ತಂಡ ಭಾರಿ ಪ್ರಬಲ ಎಕ್ಸ್-ರೇ ಹೊಮ್ಮಿಸುವ ಸಿಂಕ್ರೋಟ್ರಾನ್‌ನಲ್ಲಿ ಅದೇ ಕಣ್ಣುಗಳ ಲೋಹ ಪರೀಕ್ಷೆ ಮಾಡಿತು. ಈಗ ಬದುಕಿರುವ ಕಶೇರುಕಗಳ ಕಣ್ಣಿನ ಮೆಲನಿನ್‌ನಲ್ಲಿ ತಾಮ್ರ ಮತ್ತು ಸತು ಎಷ್ಟು ಪ್ರಮಾಣದಲ್ಲಿರುತ್ತೆ, ಅಕಶೇರುಕಗಳಲ್ಲಿ ಎಷ್ಟು ಅಂತ ಹೋಲಿಸಿದರು. ಟಲ್ಲಿಯ ಕಣ್ಣು ಅಕಶೇರುಕಗಳ ಕಡೆ ವಾಲಿತು. ಸರಿ, ಹಾಗಾದರೆ ಅಕಶೇರುಕ ಅಂತ ಘೋಷಿಸೋಣ ಅಂದರೆ ತಾಮ್ರ ಇರುವ ರೂಪ ಅವರು ನೋಡಿದ ಅಕಶೇರುಕಗಳ ಜೊತೆಗೂ ಸರಿಯಾಗಿ ಹೊಂದಲಿಲ್ಲ. ಎರಡೂ ಕಡೆಯವರಿಗೆ ಪೂರ್ತಿ ಖುಷಿ ಇಲ್ಲ.

ಸುಮ್ನೆ_ಕೇಳ್ದೆ
ಕಲ್ಲಲ್ಲಿ ಬಣ್ಣದ ಕಣ ಉಳಿಯುತ್ತಾ! ಇಷ್ಟು ದಿನ ಡೈನೋಸಾರ್ ಬಣ್ಣ ಎಲ್ಲಾ ಸುಮ್ನೆ ಬಿಡುತ್ತಾರೆ ಅಂದ್ಕೊಂಡಿದ್ದೆ.

ನೀಲಿಶಂಖ
ಕೆಲವಕ್ಕೆ ನಿಜವಾದ ಸಾಕ್ಷಿ ಇದೆ. ಅದಕ್ಕೆ ಬೇರೆ ದಾರ ಶುರು ಮಾಡಿ, ಅಲ್ಲಿ ಬರೀತೀನಿ.

ಅಂಚಿನ_ಓದುಗ
2020ರದ್ದೂ ಸೇರಿಸಿ. ಮೆಕಾಯ್ ಮತ್ತು ಯಾಸ್ಮಿನಾ ವೀಮನ್ ರಾಮನ್ ಸ್ಪೆಕ್ಟ್ರೋಸ್ಕೋಪಿ, ಅಂದರೆ ಲೇಸರ್ ಬೆಳಕು ಚೆದುರುವ ರೀತಿ ನೋಡಿ ರಾಸಾಯನಿಕ ಗುರುತಿಸೋ ವಿಧಾನ ಬಳಸಿ ನೋಡಿದರು. ಕೀಟ, ಸಿಗಡಿಯಂಥವುಗಳ ಮೈ ಕೈಟಿನ್‌ನಿಂದ ಆಗಿರುತ್ತೆ, ನಮ್ಮಂಥವುಗಳಲ್ಲಿ ಕೆರಾಟಿನ್, ಕೊಲಾಜೆನ್ ತರಹದ ಪ್ರೋಟೀನು. ಟಲ್ಲಿಯಲ್ಲಿ ಸಿಕ್ಕ ಗುರುತು ಪ್ರೋಟೀನಿನ ಕಡೆ ಇದೆ ಅಂತ ಅವರ ವಾದ. ಇದರಲ್ಲಿ ನಮ್ಮ ರಾಮನ್ ಅವರ ಹೆಸರು ಇರೋದು ಬೋನಸ್.

ಲ್ಯಾಂಪ್ರೇ_ಪಕ್ಷ
ಕೊನೆಗೂ ನಮ್ಮವರೊಬ್ಬರು ಬಂದರು. ನೋಟೋಕಾರ್ಡ್, ಕಣ್ಣಿನ ಕಣ, ಪ್ರೋಟೀನು, ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಇದಕ್ಕಿಂತ ಇನ್ನೇನು ಬೇಕು?

ಅನುಮಾನಿ
ಮೂರಕ್ಕೂ ತಕರಾರಿದೆ ಸ್ವಾಮಿ. ತಕರಾರಿರುವ ಮೂರು ಸಾಕ್ಷಿ ಕೂಡಿಸಿದರೆ ಒಂದು ಗಟ್ಟಿ ಸಾಕ್ಷಿ ಆಗಲ್ಲ.

2023ರ ಟೋಕಿಯೋ ಕೆಲಸ ನೋಡಿ. ಟೊಮೊಯುಕಿ ಮಿಕಾಮಿ ತಂಡ 150ಕ್ಕೂ ಹೆಚ್ಚು ಟಲ್ಲಿಗಳ ಮೇಲ್ಮೈಯನ್ನ ಲೇಸರ್‌ನಿಂದ ಮೂರು ಆಯಾಮದಲ್ಲಿ ಅಳೆಯಿತು. ಬಣ್ಣ ನೋಡಲಿಲ್ಲ, ಕಲೆ ನೋಡಲಿಲ್ಲ. ಬರೀ ಉಬ್ಬು ತಗ್ಗು. ಮೈಯ ತುಂಡು ತುಂಡಾದ ವಿಭಾಗಗಳು ಕಣ್ಣಿಗಿಂತ ಮುಂದಕ್ಕೂ, ತಲೆಯ ಭಾಗಕ್ಕೂ ಹೋಗಿವೆ ಅಂತ ಕಂಡಿತು. ಯಾವ ಕಶೇರುಕದಲ್ಲೂ ಹಾಗಿಲ್ಲ. ಮೂತಿಯ ಹಲ್ಲನ್ನೂ ಎಕ್ಸ್-ರೇ ಸ್ಕ್ಯಾನ್‌ನಲ್ಲಿ ನೋಡಿದರು, ಅದೂ ಲ್ಯಾಂಪ್ರೇ ಹಲ್ಲಿನ ತರಹ ಇರಲಿಲ್ಲ. ಕಲೆ ಯಾವುದರದ್ದು ಅಂತ ಊಹೆ ಮಾಡೋದಕ್ಕಿಂತ ಇದು ಎಷ್ಟೋ ವಾಸಿ.

ಹಳೇಕಲ್ಲು
ಹಾಗಾದರೆ ಅವರ ಪ್ರಕಾರ ಇದು ಏನು?

ಅನುಮಾನಿ
ಬೆನ್ನುಮೂಳೆ ಇಲ್ಲದ, ಆದರೆ ನೋಟೋಕಾರ್ಡ್ ಗುಂಪಿಗೇ ಸೇರಿದ ಯಾವುದೋ ವಿಚಿತ್ರ ಇರಬಹುದು, ಅಥವಾ ಹುಳು, ಮೃದ್ವಂಗಿಗಳ ದೊಡ್ಡ ಬಳಗದ್ದೂ ಇರಬಹುದು ಅಂತ ಬಿಟ್ಟಿದ್ದಾರೆ.

ಲ್ಯಾಂಪ್ರೇ_ಪಕ್ಷ
ನೋಡಿ ಸ್ವಾಮಿ. ಏನಲ್ಲ ಅಂತ ಹೇಳೋಕೆ ಎಲ್ಲರೂ ಮುಂದೆ, ಏನು ಅಂತ ಹೇಳೋಕೆ ಯಾರೂ ಇಲ್ಲ.

ರಾತ್ರಿಪಾಳಿ
ಇಂಥ ಅನಾಥ ಪಳೆಯುಳಿಕೆಗಳಲ್ಲಿ ನನ್ನ ಅಚ್ಚುಮೆಚ್ಚಿನದು ಕಾನೊಡಾಂಟ್. ನೂರಕ್ಕೂ ಹೆಚ್ಚು ವರ್ಷ ಬರೀ ಹಲ್ಲು ಇಟ್ಕೊಂಡು ಒದ್ದಾಡಿದರು, 1973ರಲ್ಲಿ ಅಮೆರಿಕದಲ್ಲಿ ಪೂರ್ತಿ ಪ್ರಾಣಿ ಸಿಕ್ಕಿತು. ಟಲ್ಲಿಗೂ ಒಂದು ದಿನ ಬರುತ್ತೆ ಬಿಡಿ.

ಪದರಗಲ್ಲು
ರಾತ್ರಿಪಾಳಿ, ಅದೇ ತಾನೇ ದೊಡ್ಡ ತಮಾಷೆ. 1973ರಲ್ಲಿ ಸಿಕ್ಕಿದ್ದು ಕಾನೊಡಾಂಟ್ ಅಲ್ಲ, ಕಾನೊಡಾಂಟನ್ನ ತಿಂದವನು.

ಮೊದಲಿಂದ ಹೇಳ್ತೀನಿ. 1856ರಲ್ಲಿ ಕ್ರಿಶ್ಚಿಯನ್ ಪಾಂಡರ್ ಈ ಪುಟ್ಟ ಹಲ್ಲುಗಳ ಬಗ್ಗೆ ಬರೆದರು. ಹೆಚ್ಚಿನವು ಒಂದೆರಡು ಮಿಲಿಮೀಟರ್ ಕೂಡ ಇಲ್ಲ, ಸೂಕ್ಷ್ಮದರ್ಶಕ ಬೇಕು. ಕೇಂಬ್ರಿಯನ್‌ನಿಂದ ಟ್ರಯಾಸಿಕ್ ಕೊನೆಯವರೆಗಿನ ಸಮುದ್ರದ ಕಲ್ಲಲ್ಲಿ ರಾಶಿ ರಾಶಿ ಸಿಗುತ್ತವೆ. ಕಾಲಕಾಲಕ್ಕೆ ಆಕಾರ ಬದಲಾಗೋದರಿಂದ ಕಲ್ಲಿನ ವಯಸ್ಸು ಹೇಳೋಕೆ ಇವು ಭಾರಿ ಉಪಯೋಗ. ಅಷ್ಟೇ ಅಲ್ಲ, ಕಲ್ಲು ಎಷ್ಟು ಬಿಸಿಯಾಗಿತ್ತು ಅನ್ನೋದರ ಮೇಲೆ ಇವುಗಳ ಬಣ್ಣ ತಿಳಿ ಹಳದಿಯಿಂದ ಕಂದು, ಕಪ್ಪಿಗೆ ತಿರುಗುತ್ತದೆ. ಆ ಬಣ್ಣ ನೋಡಿ ಅಲ್ಲಿ ಎಣ್ಣೆ ಉಳಿದಿರಬಹುದಾ, ಸುಟ್ಟು ಹೋಗಿರುತ್ತಾ ಅಂತ ತೈಲ ಕಂಪನಿಯವರು ಲೆಕ್ಕ ಹಾಕುತ್ತಾರೆ. ಒಂದು ಪ್ರಾಣಿಯಿಂದ ಇಷ್ಟೆಲ್ಲ ಕೆಲಸ ತೆಗೆದರು, ಪ್ರಾಣಿ ಯಾವುದು ಅಂತ ಮಾತ್ರ ಗೊತ್ತಿರಲಿಲ್ಲ!

1973ರಲ್ಲಿ ಮೊಂಟಾನಾದ ಬೇರ್ ಗಲ್ಚ್ ಸುಣ್ಣಕಲ್ಲಿನಲ್ಲಿ ಒಂದು ಪ್ರಾಣಿಯ ಒಳಗೆ ಈ ಹಲ್ಲುಗಳು ಕಂಡಿವೆ ಅಂತ ಪ್ರಕಟ ಆಯಿತು. ಇದೇ ಕಾನೊಡಾಂಟ್ ಪ್ರಾಣಿ ಅಂದುಬಿಟ್ಟರು. ಆಮೇಲೆ ಗೊತ್ತಾಯಿತು, ಹಲ್ಲು ಇದ್ದಿದ್ದು ಅದರ ಬಾಯಲ್ಲಲ್ಲ, ಹೊಟ್ಟೆಯಲ್ಲಿ. ಅದು ಅದರ ಊಟ. ಆ ಪ್ರಾಣಿಯ ಹೆಸರು ಟೈಫ್ಲೋಯಿಸಸ್.

ನಿಜವಾದದ್ದು ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋ ಹತ್ತಿರದ ಗ್ರಾಂಟನ್ ಸಿಗಡಿ ಪದರದಿಂದ ಯಾವಾಗಲೋ ತಂದಿಟ್ಟಿದ್ದ ಹಳೆಯ ಕಲ್ಲುಗಳನ್ನ ಯೂಅನ್ ಕ್ಲಾರ್ಕ್‌ಸನ್ ನೋಡುತ್ತಿದ್ದರು. ಒಂದರಲ್ಲಿ 4 ಸೆಂಟಿಮೀಟರ್ ಉದ್ದದ ಹುಳುವಿನಂಥ ಗುರುತು, ಅದರ ತಲೆಯ ಕಡೆ ಸರಿಯಾದ ಜಾಗದಲ್ಲೇ ಕಾನೊಡಾಂಟ್ ಹಲ್ಲು. 1983ರಲ್ಲಿ ಪ್ರಕಟ ಮಾಡಿದರು. ಈಗ ಹೆಚ್ಚಿನವರು ಅದನ್ನ ಕಶೇರುಕಗಳ ಪಟ್ಟಿಗೇ ಸೇರಿಸುತ್ತಾರೆ.

ರಾತ್ರಿಪಾಳಿ
ಊಟವನ್ನೇ ಹಲ್ಲು ಅಂದ್ಕೊಂಡ್ರಾ! ಟೈಫ್ಲೋಯಿಸಸ್ ಏನಾಯಿತು ಮತ್ತೆ?

ನೀಲಿಶಂಖ
ಅದು ಅನಾಥ ಆಯಿತು. ಬಾಲದಲ್ಲಿ ರೆಕ್ಕೆ, ಹೊಟ್ಟೆಯಲ್ಲಿ ಕಬ್ಬಿಣ ತುಂಬಿದ ಎರಡು ದುಂಡನೆಯ ಬಿಲ್ಲೆ, ಗುದದ್ವಾರ ಎಲ್ಲಿದೆ ಅಂತ ಯಾರಿಗೂ ಕಂಡಿಲ್ಲ. ಆ ಬಿಲ್ಲೆ ಯಾತಕ್ಕೆ ಅಂತ ಇವತ್ತಿಗೂ ತಿಳಿದಿಲ್ಲ. 2022ರಲ್ಲಿ ಸೈಮನ್ ಕಾನ್ವೇ ಮಾರಿಸ್ ಮತ್ತು ಜಾನ್ ಬರ್ನಾರ್ಡ್ ಕರೋನ್ ಅದರ ಬಾಯಿಯ ಕಡೆ ಸಾಲು ಹಲ್ಲಿನ ಪಟ್ಟಿ ಕಂಡಿದ್ದೇವೆ ಅಂದರು. ಬಸವನಹುಳು ಎಲೆ ಕೆರೆಯೋ ನಾಲಗೆಯ ತರಹದ್ದು. ಹಾಗಾಗಿ ಮೃದ್ವಂಗಿ ಇರಬಹುದು ಅನ್ನೋದು ಈಗಿನ ಮಾತು.

ಅಂಚಿನ_ಓದುಗ
ಇರಬಹುದು, ಇರಬಹುದು, ಇರಬಹುದು. ಈ ಕ್ಷೇತ್ರದ ಎಲ್ಲ ವಾಕ್ಯಗಳೂ ಹೀಗೇ ಮುಗಿಯುತ್ತವಾ?

ಮೇಷ್ಟ್ರು_ರಜೆಯಲ್ಲಿ
ಬಗೆಹರಿದದ್ದೂ ಇವೆ. ಹಲ್ಲುಸಿಜೀನಿಯಾ ನೋಡಿ. ಕೆನಡಾದ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರದ್ದು, 50.8 ಕೋಟಿ ವರ್ಷ. ಪಳೆಯುಳಿಕೆ ತಜ್ಞ ವಾಲ್ಕಾಟ್ 1911ರಲ್ಲಿ ಇದನ್ನ ಸಾಮಾನ್ಯ ಹುಳುಗಳ ಜೊತೆ ಸೇರಿಸಿಬಿಟ್ಟಿದ್ದರು. 1977ರಲ್ಲಿ ಕಾನ್ವೇ ಮಾರಿಸ್ ಬೇರೆ ಮಾಡಿ ಹೆಸರಿಟ್ಟು, ಉದ್ದನೆಯ ಮುಳ್ಳುಗಳ ಮೇಲೆ ನಡೆಯುವ ಪ್ರಾಣಿ ಅಂತ ಚಿತ್ರಿಸಿದರು. 1991ರಲ್ಲಿ ಲಾರ್ಸ್ ರಾಮ್‌ಷೋಲ್ಡ್ ಮತ್ತು ಹೌ ಷಿಯಾಂಗುವಾಂಗ್ ಅದನ್ನ ತಲೆಕೆಳಗು ಮಾಡಿದರು. ಮುಳ್ಳು ಬೆನ್ನಿಗೆ, ಬೆನ್ನ ಮೇಲಿನ ಮೆತ್ತನೆಯ ಬಳ್ಳಿಗಳೇ ಕಾಲು. ಆಮೇಲೂ ಮುಂದೆ ಯಾವುದು ಹಿಂದೆ ಯಾವುದು ಅನ್ನೋದು ಸರಿಯಾಗಲಿಲ್ಲ. ಒಂದು ತುದಿಯಲ್ಲಿ ದೊಡ್ಡ ದುಂಡನೆಯ ಕಲೆ ಇತ್ತು, ಅದೇ ತಲೆ ಅಂತಿದ್ದರು. 2015ರಲ್ಲಿ ಮಾರ್ಟಿನ್ ಸ್ಮಿತ್ ಮತ್ತು ಕರೋನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ನೊಂದು ತುದಿಯಲ್ಲಿ ಎರಡು ಪುಟ್ಟ ಕಣ್ಣು, ಕೆಳಗೆ ಹಲ್ಲಿನ ಉಂಗುರ. ಹಾಗಾದರೆ ಆ ದುಂಡನೆಯ ಕಲೆ? ಹೆಣ ಕೊಳೆಯುವಾಗ ಹಿಂದಿನಿಂದ ಹಿಂಡಿಕೊಂಡು ಬಂದ ದ್ರವ!

ಸುಮ್ನೆ_ಕೇಳ್ದೆ
ನಲವತ್ತು ವರ್ಷ ಅದನ್ನ ತಲೆ ಅಂದ್ಕೊಂಡಿದ್ದರು ಅಂತಾಯ್ತು. ನಗು ತಡೆಯೋಕೆ ಆಗ್ತಿಲ್ಲ.

ರಾತ್ರಿಪಾಳಿ
ಅನೋಮಲೋಕ್ಯಾರಿಸ್ ಎಂಬ ಹಳೆಯ ಸಮುದ್ರಜೀವಿಯ ಕಥೆ ಇನ್ನೂ ಮೇಲು. ಅದರ ಕೈಯನ್ನ 1892ರಲ್ಲಿ ಸಿಗಡಿ ಅಂದರು, ಅದರ ಬಳಗದ ಬಾಯಿಯನ್ನ ಜೆಲ್ಲಿ ಮೀನು ಅಂದರು, ಮೈಯನ್ನ ಸಮುದ್ರ ಸೌತೆ ಅಂದರು. 1985ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ಇದೆಲ್ಲ ಒಂದೇ ಬಗೆಯ ಪ್ರಾಣಿಯ ಭಾಗಗಳು ಅಂತ ತೋರಿಸಿದರು.

ಸತ್ಯವೊಂದೇ
ಇಷ್ಟು ಓದಿದ ಮೇಲೆ ಒಂದಂತೂ ಗೊತ್ತಾಯ್ತು. ಇವರಿಗೆ ತಲೆ ಯಾವುದು ಹಿಂಭಾಗ ಯಾವುದು ಗೊತ್ತಿಲ್ಲ, ಜೀವವಿಕಾಸ ಮಾತ್ರ ಪಕ್ಕಾ ಗೊತ್ತಂತೆ. ಎಲ್ಲ ಊಹೆ.

ಲ್ಯಾಂಪ್ರೇ_ಪಕ್ಷ
ಬಂದರಪ್ಪ.

ಮೇಷ್ಟ್ರು_ರಜೆಯಲ್ಲಿ
ಸತ್ಯವೊಂದೇ ಅವರೇ, ಹಲ್ಲುಸಿಜೀನಿಯಾವನ್ನ ತಲೆಕೆಳಗು ಮಾಡಿದವರು ವಿಜ್ಞಾನದ ಹೊರಗಿನವರಲ್ಲ. ಅದೇ ಕಲ್ಲು, ಇನ್ನೂ ಒಳ್ಳೆಯ ಮಾದರಿ, ಇನ್ನೂ ಒಳ್ಳೆಯ ಉಪಕರಣ.

ಇನ್ನೊಂದು ವಿಷಯ. ಇವು ಯಾವ ಗುಂಪಿಗೂ ಹೊಂದಲ್ಲ ಅನ್ನೋದು ವಿಕಾಸಕ್ಕೆ ವಿರುದ್ಧ ಅಲ್ಲ, ವಿಕಾಸ ಸರಿ ಇದ್ದರೆ ಹೀಗೇ ಇರಬೇಕು. ಈಗಿರುವ ಸಂಧಿಪದಿಗಳನ್ನ, ಅಂದರೆ ಕೀಟ, ಸಿಗಡಿ, ಜೇಡಗಳ ಗುಂಪನ್ನ ತಗೊಳ್ಳಿ. ಗಟ್ಟಿ ಹೊರಕವಚ, ಕೀಲು ಇರುವ ಕಾಲು, ಸಂಯುಕ್ತ ಕಣ್ಣು, ಇದೆಲ್ಲ ಒಂದೇ ದಿನ ಬಂದಿಲ್ಲ. ಒಂದು ಗುಣ ಮೊದಲು ಬಂತು, ಇನ್ನೊಂದು ಆಮೇಲೆ. ಆ ನಡುವಿನ ಕಾಲದ ಪ್ರಾಣಿಗೆ ಅರ್ಧ ಗುಣ ಇರುತ್ತದೆ, ಅರ್ಧ ಇರಲ್ಲ. ಅನೋಮಲೋಕ್ಯಾರಿಸ್‌ಗೆ ಸಂಯುಕ್ತ ಕಣ್ಣಿದೆ, ಮುಖದ ಮುಂದೆ ಕೀಲಿರುವ ಎರಡು ಕೈ ಇದೆ, ನಡೆಯುವ ಕಾಲಿಲ್ಲ. ಹಲ್ಲುಸಿಜೀನಿಯಾದ ಉಗುರು ಪದರ ಪದರವಾಗಿದೆ, ಈಗಿನ ವೆಲ್ವೆಟ್ ಹುಳುವಿನ ದವಡೆಯೂ ಉಗುರೂ ಹಾಗೇ ಇವೆ. ಇವೆಲ್ಲ ಈಗಿನ ಗುಂಪುಗಳ ಬುಡದ ಕೊಂಬೆಗಳು. ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1989ರಲ್ಲಿ ಇವು ಪೂರ್ತಿ ಬೇರೆಯೇ ಆದ, ಅಳಿದುಹೋದ ದೊಡ್ಡ ಗುಂಪುಗಳು ಅಂತ ವಾದ ಮಾಡಿದ್ದರು. ಆಮೇಲಿನ ಕೆಲಸ ಹೆಚ್ಚಿನವನ್ನ ಬುಡದ ಕೊಂಬೆಗೇ ತಂದು ಕೂರಿಸಿದೆ.

ಸತ್ಯವೊಂದೇ
ಬುಡ, ಕೊಂಬೆ ಎಲ್ಲ ಹೇಳೋಕೆ ಚೆಂದ.

ಅಂಚಿನ_ಓದುಗ
ಹುಡುಗಾಟ ಬಿಡಿ, ಸತ್ಯವೊಂದೇ ಅವರ ಕೋಪದಲ್ಲಿ ಒಂದು ಪಾಲು ನ್ಯಾಯ ಇದೆ. ತಪ್ಪು ವಿಜ್ಞಾನಿಗಳದ್ದಕ್ಕಿಂತ ಸುದ್ದಿ ಮಾಡುವವರದ್ದು. 2017ರಲ್ಲಿ ಚೀನಾದ ಸ್ಯಾಕೋರೈಟಸ್ ಬಂತಲ್ಲ, ಒಂದು ಮಿಲಿಮೀಟರ್ ಚೀಲ, 53.5 ಕೋಟಿ ವರ್ಷ, ದೊಡ್ಡ ಬಾಯಿ, ಗುದದ್ವಾರ ಇಲ್ಲ. ಮನುಷ್ಯರ ಅತಿ ಹಳೆಯ ಪೂರ್ವಜ ಅಂತ ಜಗತ್ತಿನ ಎಲ್ಲ ಕಡೆ ಅಚ್ಚಾಯಿತು. ಮೈ ಮೇಲಿನ ತೂತುಗಳು ಕಿವಿರಿನ ಮೊದಲ ರೂಪ ಅನ್ನೋದು ಆಧಾರ. 2022ರಲ್ಲಿ ಸಿಂಕ್ರೋಟ್ರಾನ್ ಎಕ್ಸ್-ರೇ ಸ್ಕ್ಯಾನ್ ಮಾಡಿದರೆ ಆ ತೂತುಗಳು ಮುರಿದುಹೋದ ಮುಳ್ಳಿನ ಬುಡ! ಪ್ರಾಣಿ ಹೋಗಿ ಪೊರೆ ಕಳಚುವ ಹುಳು, ಕೀಟಗಳ ಬಳಗಕ್ಕೆ ಸೇರಿತು. ಆ ಸುದ್ದಿ ಎಷ್ಟು ಜನ ಓದಿದರು ಹೇಳಿ?

ಹಳೇಕಲ್ಲು
ನಾನೇ 2017ರದ್ದು ಓದಿದ್ದೆ, 2022ರದ್ದು ಈಗ ನಿಮ್ಮಿಂದ ಗೊತ್ತಾಗುತ್ತಿದೆ.

ನೀಲಿಶಂಖ
ಆಕಾರ ನೋಡಿ ಜಗಳ ಆಡೋದಕ್ಕಿಂತ ರಾಸಾಯನಿಕ ನೋಡೋದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಡಿಕಿನ್ಸೋನಿಯಾ ಉದಾಹರಣೆ. ರೆಜ್ ಸ್ಪ್ರಿಗ್ 1946ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಎಡಿಯಕಾರ ಬೆಟ್ಟಗಳಲ್ಲಿ ಕಂಡ ಪಳೆಯುಳಿಕೆಗಳ ಬಳಗದ್ದು. ಚಪ್ಪಟೆ, ಅಂಡಾಕಾರ, ನಡುವಿನಿಂದ ಎರಡೂ ಕಡೆ ಗೆರೆ ಗೆರೆ, ದೊಡ್ಡವು 1.4 ಮೀಟರ್. ಬಾಯಿ ಕಾಣಲ್ಲ, ಕರುಳು ಕಾಣಲ್ಲ. ಹುಳು ಅಂದರು, ಜೆಲ್ಲಿ ಮೀನಿನ ಬಳಗ ಅಂದರು. ಸೈಲಾಕರ್ ಇವು ಪ್ರಾಣಿಗಳೇ ಅಲ್ಲ ಅಂದರು. ರಿಟಲ್ಯಾಕ್ ಇವು ನೆಲದ ಮೇಲೆ ಬೆಳೆದ ಕಲ್ಲುಹೂವು (ಶಿಲೀಂಧ್ರ, ಪಾಚಿ ಕೂಡಿ ಬದುಕುವ ಜೀವಿ) ಅಂದರು. 2018ರಲ್ಲಿ ಇಲ್ಯಾ ಬೊಬ್ರೋವ್ಸ್ಕಿ ರಷ್ಯಾದ ಬಿಳಿ ಸಮುದ್ರದ ದಂಡೆಯಿಂದ ತಂದ 55.8 ಕೋಟಿ ವರ್ಷದ ಡಿಕಿನ್ಸೋನಿಯಾ ಮೇಲೆ ಉಳಿದಿದ್ದ ತೆಳು ಪೊರೆಯನ್ನ ಪರೀಕ್ಷೆ ಮಾಡಿದರು. ಸಿಕ್ಕಿದ್ದು ಕೊಲೆಸ್ಟ್ರಾಲ್‌ನ ಅವಶೇಷ. ಅದು ಮುಖ್ಯವಾಗಿ ಪ್ರಾಣಿಗಳಲ್ಲಿ ಇರೋದು, ಹಾಗಾಗಿ ಪ್ರಾಣಿ ಅಂತ ತೀರ್ಮಾನ.

ಅನುಮಾನಿ
ಕೆಂಪು ಪಾಚಿಯೂ ಕೊಲೆಸ್ಟ್ರಾಲ್ ಮಾಡುತ್ತೆ ಮೇಡಂ.

ನೀಲಿಶಂಖ
ಗೊತ್ತು. ಅದಕ್ಕೇ ಅವರು ಸುತ್ತಲಿನ ಕಲ್ಲನ್ನೂ ನೋಡಿದ್ದು. ಸುತ್ತಲೆಲ್ಲ ಹಸಿರು ಪಾಚಿಯ ಗುರುತು ಜಾಸ್ತಿ. ಪ್ರಾಣಿಯ ಮೇಲಿನ ಪೊರೆಯಲ್ಲಿ ಮಾತ್ರ ಕೊಲೆಸ್ಟ್ರಾಲ್ ಬಳಗದ್ದು 93 ಶೇಕಡಾದವರೆಗೆ. ಕಲ್ಲುಹೂವು ಆಗಿದ್ದರೆ ಕೊಲೆಸ್ಟ್ರಾಲ್ ತರಹದ್ದೇ ಆದ ಶಿಲೀಂಧ್ರದ ಸ್ಟೆರಾಲ್ ಸಿಗಬೇಕಿತ್ತು, ಸಿಕ್ಕಿಲ್ಲ. ಒಂದೂವರೆ ಮೀಟರ್ ಹತ್ತಿರದ, ಎರಡು ಪಕ್ಕ ಗೆರೆ ಇರುವ, ಸಮುದ್ರದ ತಳದಲ್ಲಿ ಜಾಗ ಬದಲಿಸಿದ ಗುರುತು ಬಿಟ್ಟಿರುವ ಕೆಂಪು ಪಾಚಿ ಇದ್ದರೆ ತೋರಿಸಿ.

ಅನುಮಾನಿ
ಇದಕ್ಕೆ ಸುಮ್ಮನಾಗ್ತೀನಿ. ಇದಕ್ಕೆ ಮಾತ್ರ.

ರಾತ್ರಿಪಾಳಿ
ಡಿಕಿನ್ಸೋನಿಯಾ ಅಂದಾಗ ಭೀಮ್‌ಬೆಟ್ಕಾ ಜೇನುಗೂಡು ನೆನಪಾಯ್ತು. 2021ರಲ್ಲಿ ಅಲ್ಲಿನ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಇದೆ ಅಂತ ಪ್ರಕಟ ಆಯಿತು. ವಿಂಧ್ಯದ ಆ ಕಲ್ಲಿನ ವಯಸ್ಸಿನ ಬಗ್ಗೆಯೇ ದೊಡ್ಡ ವಿವಾದ ಇದ್ದದ್ದು, ಇದರಿಂದ ಅದೂ ಬಗೆಹರಿಯುತ್ತೆ ಅಂದರು. ಜೋಸೆಫ್ ಮೀರ್ಟ್ ತಂಡ ಆಮೇಲೆ ಹೋಗಿ ನೋಡಿದರೆ ಅದು ಕಲ್ಲಿನಿಂದ ಸಿಪ್ಪೆ ಏಳುತ್ತಿದೆ, ಹತ್ತಿರದಲ್ಲೇ ಹೆಜ್ಜೇನಿನ ಗೂಡುಗಳು. ಹಳೆಯ ಗೂಡು ಬಿದ್ದುಹೋಗಿ ಬಿಟ್ಟ ಗುರುತು ಅದು. ಡಿಕಿನ್ಸೋನಿಯಾ ಅಂತ ಪ್ರಕಟಿಸಿದ್ದ ರಿಟಲ್ಯಾಕ್ ಅವರೂ ಒಪ್ಪಿಕೊಂಡರು.

ಸುಮ್ನೆ_ಕೇಳ್ದೆ
ಐವತ್ತು ಕೋಟಿ ವರ್ಷದ ಪಳೆಯುಳಿಕೆ ಅಂತ ಜೇನುಮೇಣ ನೋಡಿ ಫೋಟೋ ತೆಗೆದುಕೊಂಡ ಪ್ರವಾಸಿಗರನ್ನ ನೆನೆಸಿಕೊಳ್ಳಿ.

ಲ್ಯಾಂಪ್ರೇ_ಪಕ್ಷ
ದಾರ ಎಲ್ಲೆಲ್ಲಿಗೋ ಹೋಯಿತು. ಟಲ್ಲಿಗೆ ವಾಪಸ್ ಬನ್ನಿ. ಅದು ಇಲಿನಾಯ್ ರಾಜ್ಯದ ಅಧಿಕೃತ ಪಳೆಯುಳಿಕೆ, 1989ರಿಂದ. ಮನೆ ಸಾಮಾನು ಸಾಗಿಸೋ ಯೂ-ಹಾಲ್ ಬಾಡಿಗೆ ವಾಹನಗಳ ಪಕ್ಕದಲ್ಲೂ ಅದರ ಚಿತ್ರ ಇದೆ. ಏನು ಅಂತ ಗೊತ್ತಿಲ್ಲದ ಪ್ರಾಣಿಗೆ ಇಷ್ಟು ಮರ್ಯಾದೆ ಬೇರೆ ಎಲ್ಲೂ ಸಿಕ್ಕಿಲ್ಲ.

ಹಳೇಕಲ್ಲು
ನನ್ನ ಪ್ರಶ್ನೆ ಈಗ ಸ್ವಲ್ಪ ಬದಲಾಗಿದೆ. ಮೇಜನ್ ಕ್ರೀಕ್‌ನಲ್ಲಿ ಇನ್ನೂ ಹತ್ತು ಸಾವಿರ ಟಲ್ಲಿ ಸಿಕ್ಕರೂ ಪ್ರಯೋಜನ ಇಲ್ಲ ಅಂತಾಯ್ತು. ಹಾಗಾದರೆ ಏನು ಸಿಕ್ಕರೆ ಜಗಳ ಮುಗಿಯುತ್ತೆ?

ಪದರಗಲ್ಲು
ಬೇರೆ ಜಾಗದ್ದು ಸಿಗಬೇಕು. ಬೇರೆ ತರಹ ಕಲ್ಲಾದದ್ದು. ಮೇಜನ್ ಕ್ರೀಕ್‌ನಲ್ಲಿ ಯಾವುದು ಉಳಿಯಲ್ಲವೋ ಅದು ಉಳಿದಿರುವ ಕಡೆ. ಟಲ್ಲಿಯೇ ಆಗಬೇಕೆಂದಿಲ್ಲ, ಅದರ ದಾಯಾದಿ ಸಿಕ್ಕರೂ ಸಾಕು.

ಹಲ್ಲುಸಿಜೀನಿಯಾ ಸರಿಯಾಗಿದ್ದೂ ಹಾಗೇ. ಬರ್ಜೆಸ್‌ನ ಮಾದರಿಗಳನ್ನ ಎಷ್ಟು ತಿರುಗಿಸಿ ನೋಡಿದರೂ ಆಗಿರಲಿಲ್ಲ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಅದರ ನೆಂಟರು ಸಿಕ್ಕರು. ಮೈಕ್ರೋಡಿಕ್ಟಿಯಾನ್ ಎಂಬುದರ ಜಾಲರಿಯಂಥ ಬಿಲ್ಲೆಗಳು ಮಾತ್ರ ಮೊದಲು ಗೊತ್ತಿದ್ದವು, ಅಲ್ಲಿ ಬಿಲ್ಲೆಗಳ ಕೆಳಗೆ ಪೂರ್ತಿ ಪ್ರಾಣಿ, ಜೋಡಿ ಜೋಡಿ ಕಾಲು ಸಮೇತ ಇತ್ತು. ಅದನ್ನ ನೋಡಿದ ಮೇಲೆ ತಾನೇ ಹಲ್ಲುಸಿಜೀನಿಯಾ ತಲೆಕೆಳಗಾಗಿದೆ ಅಂತ ಹೊಳೆದದ್ದು. ಬರ್ಜೆಸ್ ಶೇಲ್‌ನದೇ ಇನ್ನೊಂದು ಪ್ರಾಣಿ ನೆಕ್ಟೋಕ್ಯಾರಿಸ್ ಕೂಡ ಹಾಗೇ. 2010ರಲ್ಲಿ ಅದನ್ನ ಸ್ಕ್ವಿಡ್, ಆಕ್ಟೋಪಸ್‌ಗಳ ಪೂರ್ವಜ ಅಂದರು. 2025ರಲ್ಲಿ ಗ್ರೀನ್‌ಲ್ಯಾಂಡಿನ ಸಿರಿಯಸ್ ಪ್ಯಾಸೆಟ್‌ನ ನೆಂಟನಲ್ಲಿ ಹೊಟ್ಟೆ ಕಡೆಯ ನರದ ಗಂಟು ಉಳಿದಿತ್ತು. ಸಮುದ್ರದ ಬಾಣದ ಹುಳುಗಳಿಗೆ ಮಾತ್ರ ಇರುವಂಥದ್ದು. ಅದನ್ನ ಬಾಣದ ಹುಳುಗಳ ಕಡೆ ಸೇರಿಸೋಕೆ ಒಂದು ಅಂಗ ಸಾಕಾಯಿತು.

ಟಲ್ಲಿಯ ಪಟ್ಟಿಯ ಪಕ್ಕದಲ್ಲೇ, ಬೇರೆಯಾಗಿ, ಊಟ ತುಂಬಿದ ಕರುಳು ಇರುವ ಒಂದೇ ಒಂದು ಮಾದರಿ ಸಿಗಲಿ. ಆಗ ಪಟ್ಟಿ ಕರುಳಲ್ಲ ಅಂತ ನಾನೂ ಒಪ್ತೀನಿ.

ಲ್ಯಾಂಪ್ರೇ_ಪಕ್ಷ
ಸಿಗುತ್ತೆ.

ಅನುಮಾನಿ
ಸಿಕ್ಕರೂ ಅದು ನೋಟೋಕಾರ್ಡ್ ಅಂತ ಆಗಲ್ಲ, ಕರುಳಲ್ಲ ಅಂತ ಮಾತ್ರ ಆಗುತ್ತೆ. ಮತ್ತೆ ನೆಕ್ಟೋಕ್ಯಾರಿಸ್ ಮುಗೀತು ಅಂತ ಯಾರು ಹೇಳಿದ್ದು? ಗ್ರೀನ್‌ಲ್ಯಾಂಡಿನದ್ದೂ ಕೆನಡಾದ್ದೂ ನಿಜವಾಗಲೂ ಒಂದೇ ಬಳಗದವಾ ಅಂತ ಮೊದಲು ನೋಡಬೇಕು.

ಪದರಗಲ್ಲು
ಅದಕ್ಕೆ ಹೊಸ ದಾರ ಹಾಕಿ, ಬರ್ತೀನಿ. ಇಲ್ಲಿ ಕೆಳಗೆ ಸ್ಕ್ರೋಲ್ ಮಾಡೋಕೇ ಕಷ್ಟ ಆಗ್ತಿದೆ.